ಕೆರೆಯಂಗಳದ ತವರು

2019ರ ಮಾರ್ಚ್ 17ರಂದು ಮುಂಬೈಯಲ್ಲಿ ಎಫ್‌ಸಿ ಗೋವಾ ತಂಡವನ್ನು 1-0 ಗೋಲಿನಿಂದ ಸೋಲಿಸಿ ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗಿನ ಚಾಂಪಿಯನ್ ಆಯಿತು. ಆರೇಳು ತಿಂಗಳು ಕಳೆದು ಹೊಸ ಋತು ಶುರುವಾಗುವ ಹೊತ್ತಿಗೆ ಅದೇ ಕ್ಲಬ್ಬು ಇನ್ನೊಂದು ಸುದ್ದಿ ಪ್ರಕಟಿಸಿತು: ತವರಿನ ಪಂದ್ಯಗಳನ್ನು ಈ ಸಲ ಪುಣೆಯ ಬಾಲೆವಾಡಿಯಲ್ಲಿ ಆಡುತ್ತೇವೆ. ದೇಶದ ಚಾಂಪಿಯನ್ ತಂಡಕ್ಕೆ ತನ್ನ ಊರಿನಲ್ಲಿ ಆಡಲು ಅಂಗಳವಿರಲಿಲ್ಲ. ಶ್ರೀ ಕಂಠೀರವ ಕ್ರೀಡಾಂಗಣವನ್ನು ಫುಟ್‌ಬಾಲಿಗೆ ಬಿಟ್ಟುಕೊಡುವುದನ್ನು ಪ್ರಶ್ನಿಸಿ ಅಥ್ಲೆಟಿಕ್ಸ್ ತರಬೇತುದಾರರು ಮತ್ತು ಓಟಗಾರರು ಹೈಕೋರ್ಟಿನ ಮೆಟ್ಟಿಲು ಹತ್ತಿದ್ದರು. ಕೊನೆಗೆ ಸರ್ಕಾರದ ಒಪ್ಪಿಗೆ ಸಿಕ್ಕಿ ಅಕ್ಟೋಬರಿನಲ್ಲಿ ಪಂದ್ಯಗಳು ಕಂಠೀರವಕ್ಕೇ ಮರಳಿದವು, ಪುಣೆಯ ಮಾತು ಅಲ್ಲಿಗೆ ಮುಗಿಯಿತು. ಆದರೆ ಆ ಕೆಲವು ವಾರಗಳಲ್ಲಿ ಎದ್ದ ಪ್ರಶ್ನೆ ಮುಗಿಯಲಿಲ್ಲ. ಈ ಅಂಗಳ ಯಾರದು?

ಪ್ರಶ್ನೆ 2019ರಲ್ಲಿ ಹುಟ್ಟಿದ್ದೂ ಅಲ್ಲ. ಈ ನೆಲದ ಚರಿತ್ರೆಯನ್ನು ಹಿಂದಕ್ಕೆ ಓದುತ್ತ ಹೋದರೆ, ಇದೇ ಪ್ರಶ್ನೆಯನ್ನು ಬೇರೆ ಬೇರೆ ಜನ ಬೇರೆ ಬೇರೆ ಕಾಲದಲ್ಲಿ ಕೇಳಿಕೊಂಡೇ ಬಂದಿದ್ದಾರೆ. ಕೇಳಿದವರಲ್ಲಿ ಆಟಗಾರರಿಗಿಂತ ಮೊದಲು ಬಂದವರು ತೋಟಗಾರರು.

ಕನ್ನಡದ ಪತ್ರಿಕೆಗಳಲ್ಲಿ 'ಹೋಮ್ ಗ್ರೌಂಡ್' ಎಂಬುದಕ್ಕೆ 'ತವರು ಅಂಗಳ' ಎಂಬ ಪದ ಬಳಕೆಯಲ್ಲಿದೆ. ಯಾವ ಕ್ರೀಡಾ ವರದಿಗಾರರು ಮೊದಲು ಬಳಸಿದರೋ, ಪದ ಮಾತ್ರ ಸೊಗಸಾಗಿದೆ. ತವರು ಎಂದರೆ ಹುಟ್ಟಿದ ಮನೆ. ಹಬ್ಬಕ್ಕೆ, ಬಾಣಂತನಕ್ಕೆ, ಕಷ್ಟಕ್ಕೆ ಹೋಗಿ ಬರುವ ಮನೆ. ಆದರೆ ನಮ್ಮ ಹೆಣ್ಣುಮಕ್ಕಳಿಗೆ ತವರಿನ ಮೇಲೆ ಪ್ರೀತಿ ಇದ್ದಷ್ಟು ಪಾಲು ಇರಲಿಲ್ಲ; ಹಕ್ಕಿನ ಮಾತೆತ್ತಿದ ದಿನ ತವರಿನ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಬೆಂಗಳೂರು ಎಫ್‌ಸಿಗೂ ಕಂಠೀರವಕ್ಕೂ ಇರುವ ನಂಟು ಬಹುಮಟ್ಟಿಗೆ ಇಂಥದ್ದೇ. ಕ್ರೀಡಾಂಗಣ ರಾಜ್ಯ ಸರ್ಕಾರದ ಕ್ರೀಡಾ ಇಲಾಖೆಯದು. ಕ್ಲಬ್ಬು ಅಲ್ಲಿ ಬಾಡಿಗೆಗೆ ಆಡುವ ತಂಡ.

ಕ್ಲಬ್ಬಿನ ನಿಜವಾದ ಹುಟ್ಟುಮನೆಯೂ ಕಂಠೀರವ ಅಲ್ಲ. ಜೆಎಸ್‌ಡಬ್ಲ್ಯು ಸಮೂಹದ ಒಡೆತನದಲ್ಲಿ 2013ರ ಜುಲೈಯಲ್ಲಿ ಶುರುವಾದ ಬೆಂಗಳೂರು ಎಫ್‌ಸಿ ತನ್ನ ಮೊದಲ ಐ-ಲೀಗ್ ಪಂದ್ಯವನ್ನು ಅದೇ ಸೆಪ್ಟೆಂಬರ್ 22ರಂದು ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲಿ ಮೋಹನ್ ಬಾಗಾನ್ ವಿರುದ್ಧ ಆಡಿತು. ಪಂದ್ಯ 1-1ರಲ್ಲಿ ಸಮವಾಯಿತು. ರಾಜ್ಯ ಫುಟ್‌ಬಾಲ್ ಸಂಸ್ಥೆಯ ಆ ಸ್ಟೇಡಿಯಂ ಚಿಕ್ಕದು, ಕೃತಕ ಹುಲ್ಲಿನದು. ಪ್ರೇಕ್ಷಕರಿಗೂ ಆಟಗಾರರಿಗೂ ನಡುವೆ ಹೆಚ್ಚು ಅಂತರವಿಲ್ಲ. ಪಶ್ಚಿಮದ ಕಟ್ಟೆಯಲ್ಲಿ ನಿಂತು ಕೂಗಿದರೆ ಗೆರೆಯ ಬಳಿ ಓಡುವ ಆಟಗಾರನ ಕಿವಿಗೆ ಬೀಳುತ್ತಿತ್ತು. ಹಾಗೆ ಅಲ್ಲಿ ನಿಂತು ಹಾಡುತ್ತಿದ್ದ ಹುಡುಗ ಹುಡುಗಿಯರ ಗುಂಪೇ ಮುಂದೆ 'ವೆಸ್ಟ್ ಬ್ಲಾಕ್ ಬ್ಲೂಸ್' ಎಂದು ಹೆಸರಾಯಿತು. ಮೊದಲ ವರ್ಷವೇ, 2014ರ ಏಪ್ರಿಲ್‌ನಲ್ಲಿ, ತಂಡ ಐ-ಲೀಗ್ ಗೆದ್ದಿತು. ಏಷ್ಯಾ ಮಟ್ಟದ ಪಂದ್ಯಗಳಿಗೆ ದೊಡ್ಡ ಸ್ಟೇಡಿಯಂ ಬೇಕಾಗಿ ಮುಂದಿನ ಋತುವಿನಿಂದ ಕಂಠೀರವಕ್ಕೆ ಬಂತು. ಅಶೋಕನಗರದಿಂದ ಕಂಠೀರವಕ್ಕೆ ಎರಡು ಮೂರು ಕಿಲೋಮೀಟರು, ನಡೆದೇ ಹೋಗಬಹುದು.

ಈ ಎರಡು ಅಂಗಳಗಳಿಗೆ ಸಮಾನವಾದ ಒಂದು ಸಂಗತಿಯಿದೆ. ಎರಡೂ ಒಂದು ಕಾಲಕ್ಕೆ ಕೆರೆಗಳಾಗಿದ್ದವು. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ ಇರುವುದು ಶೂಲೆ ಕೆರೆಯ ಜಾಗದಲ್ಲಿ. ಕಂಠೀರವ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ.

ಬೆಂಗಳೂರಿನ ಹಳಬರಿಗೆ ಇದು ಹೊಸ ಸುದ್ದಿಯಲ್ಲ. ಮೆಜೆಸ್ಟಿಕ್ಕಿನ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆ. ಶಾಂತಿನಗರದ ಹಾಕಿ ಸ್ಟೇಡಿಯಂ ಅಕ್ಕಿತಿಮ್ಮನಹಳ್ಳಿ ಕೆರೆ. ಕರ್ನಾಟಕ ಗಾಲ್ಫ್ ಸಂಸ್ಥೆಯ ಹಸಿರು ಹಾಸು ಚಲ್ಲಘಟ್ಟ ಕೆರೆ. 1997ರ ರಾಷ್ಟ್ರೀಯ ಕ್ರೀಡಾಕೂಟದ ಆಟಗಾರರಿಗೆಂದು ಕಟ್ಟಿದ ಕೋರಮಂಗಲದ ವಸತಿ ಸಮುಚ್ಚಯಕ್ಕೂ ಕೆರೆಯ ನೆಲವೇ ಸಿಕ್ಕಿತು. ಫುಟ್‌ಬಾಲ್, ಹಾಕಿ, ಗಾಲ್ಫ್, ಅಥ್ಲೆಟಿಕ್ಸ್ ಎಲ್ಲಕ್ಕೂ ಈ ಊರು ಕೆರೆಯ ಮೇಲೆಯೇ ಜಾಗ ಮಾಡಿಕೊಟ್ಟಿದೆ. ಕಾರಣ ತೀರಾ ಸರಳ. ಬೆಳೆಯುವ ನಗರದಲ್ಲಿ ಮನೆಯಿಲ್ಲದ, ಗುಡಿಯಿಲ್ಲದ, ಖಾಸಗಿ ಪಟ್ಟಾ ಇಲ್ಲದ, ಸಮತಟ್ಟಾದ ಹತ್ತಾರು ಎಕರೆ ಒಂದೇ ಕಡೆ ಎಲ್ಲಿ ಸಿಗುತ್ತದೆ? ನೀರು ಬತ್ತಿದ ಕೆರೆಯಲ್ಲಿ ಮಾತ್ರ. ಬಯಲುಸೀಮೆಯ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಶಿರಾ ಸೀಮೆಯ ನಮ್ಮ ಹುಲಿಕುಂಟೆಯ ಹೆಸರಿನಲ್ಲೇ ನೀರಿದೆ. ಕುಂಟೆ ಎಂದರೆ ಸಣ್ಣ ಕೆರೆ. ಪಕ್ಕದ ತಾಲ್ಲೂಕು ಕೊರಟಗೆರೆಯ ಹೆಸರಿನಲ್ಲೂ ಇದೆ. ಮಳೆ ಕೈಕೊಟ್ಟ ವರ್ಷ ಈ ಕಡೆಯ ಊರುಗಳಲ್ಲಿ ಕೆರೆಯಂಗಳವೇ ಆಟದ ಅಂಗಳ. ಹುಡುಗರು ಬಿರುಕುಬಿಟ್ಟ ಮಣ್ಣನ್ನು ತಟ್ಟಿ ಪಿಚ್ಚು ಮಾಡಿ ಕ್ರಿಕೆಟ್ ಪಂದ್ಯಾವಳಿ ನಡೆಸುತ್ತಾರೆ. ಆದರೆ ಮಳೆ ಬಂದು ನೀರು ತುಂಬಿದರೆ ಅವರೇ ವಿಕೆಟ್ಟು ಕಿತ್ತುಕೊಂಡು ದಂಡೆಗೆ ಬರುತ್ತಾರೆ, ಯಾರಿಗೂ ಬೇಸರವಿಲ್ಲ. ಆ ಅಂಗಳ ನೀರಿನದು, ನಮಗೆ ಕೊಟ್ಟದ್ದು ಸಾಲ ಎಂಬುದು ಎಲ್ಲರಿಗೂ ಗೊತ್ತು. ಬೆಂಗಳೂರಿನಲ್ಲಿ ಆ ಸಾಲ ಹಿಂದಿರುಗಲಿಲ್ಲ.

ಸಂಪಂಗಿ ಕೆರೆ ಹೇಗೆ ಹೋಯಿತು ಎಂಬುದು ಬೆಂಗಳೂರಿನ ಎರಡು ಊರುಗಳ ಕಥೆಯ ಭಾಗ. ಪಶ್ಚಿಮಕ್ಕೆ 1537ರಲ್ಲಿ ಕೆಂಪೇಗೌಡರು ಕಟ್ಟಿದರೆನ್ನುವ ಪೇಟೆ, ಪೂರ್ವಕ್ಕೆ 1809ರಲ್ಲಿ ಬ್ರಿಟಿಷರು ಹೂಡಿದ ದಂಡು. ನಡುವೆ ಸಂಪಂಗಿ ಕೆರೆ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದ ಕಬ್ಬನ್ ಪಾರ್ಕು ಇದರ ಉತ್ತರಕ್ಕೆ ಬಂತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರಿಗೆ ಮರಳಿದರೂ ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. ಎರಡು ಆಡಳಿತಗಳ ನಡುವೆ, ಎರಡು ಬಗೆಯ ಜನರ ನಡುವೆ ಈ ಕೆರೆ ಇತ್ತು.

ಕೆರೆಯನ್ನು ಯಾರು ಬಳಸುತ್ತಿದ್ದರು? ಕುಡಿಯಲು ನೀರು ಒಯ್ಯುವವರು, ಬಟ್ಟೆ ಒಗೆಯುವ ಮಡಿವಾಳರು, ದನ ಮೇಯಿಸುವವರು, ಮೀನು ಹಿಡಿಯುವವರು. ಎಲ್ಲರಿಗಿಂತ ಮುಖ್ಯವಾಗಿ ತಿಗಳರು. ಬೆಂಗಳೂರಿಗೆ ಹೂವು, ಹಣ್ಣು, ಸೊಪ್ಪು, ತರಕಾರಿ ಬೆಳೆದುಕೊಟ್ಟ ಸಮುದಾಯ ಇದು. ಕೆರೆಯ ಸುತ್ತಲಿನ ತೇವದ ನೆಲ ಅವರ ತೋಟ. ಇಂದಿನ ಸಂಪಂಗಿರಾಮನಗರದ ಓಣಿಗಳಲ್ಲಿ ನಡೆಯುವವರಿಗೆ ಅಲ್ಲೊಂದು ಕಾಲಕ್ಕೆ ತೋಟಗಳ ಬದು ಇತ್ತೆಂದು ಊಹಿಸುವುದೂ ಕಷ್ಟ. ಹಿತಾ ಉನ್ನಿಕೃಷ್ಣನ್, ಬಿ. ಮಂಜುನಾಥ ಮತ್ತು ಹರಿಣಿ ನಾಗೇಂದ್ರ ಅವರು ಈ ಕೆರೆ ಕ್ರೀಡಾಂಗಣವಾದ ಬಗೆಯನ್ನೇ ವಿಷಯವಾಗಿಟ್ಟುಕೊಂಡು ಅಧ್ಯಯನ ನಡೆಸಿದ್ದಾರೆ. ಹಳೆಯ ನಕ್ಷೆಗಳು, ಕಡತಗಳು, ಹಿರಿಯರ ಮಾತುಗಳನ್ನು ಒಟ್ಟಿಗಿಟ್ಟು ಓದುವ ಆ ಕೆಲಸದಿಂದ ಮುಖ್ಯವಾಗಿ ತಿಳಿಯುವುದು, ಕೆರೆ ಒಂದೇ ದಿನ ಸಾಯಲಿಲ್ಲ ಎಂಬುದು. ಹಲವರ ಹಲವು ಉಪಯೋಗಗಳು ಒಂದೊಂದಾಗಿ ಕಳಚಿಕೊಂಡವು. ಕೊನೆಗೆ ಉಳಿದ ನೆಲಕ್ಕೆ ಒಂದೇ ಉಪಯೋಗ ನಿಗದಿಯಾಯಿತು.

ಕಳಚಿಕೊಂಡ ಮೊದಲ ಕೊಂಡಿ ಕುಡಿಯುವ ನೀರು. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ಬೆಂಗಳೂರು ಧರ್ಮಾಂಬುಧಿ, ಸಂಪಂಗಿ, ಹಲಸೂರು, ಸ್ಯಾಂಕಿ ಕೆರೆಗಳನ್ನೂ ಬಾವಿಗಳನ್ನೂ ನಂಬಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ತರುವ ಚಾಮರಾಜೇಂದ್ರ ಜಲಕಾರ್ಯ ಯೋಜನೆ ರೂಪುಗೊಂಡಿತು. ಅರ್ಕಾವತಿಯ ನೀರು ನಲ್ಲಿಯಲ್ಲಿ ಬಂತು. 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ಪ್ರತಿ ಸಲ ನೀರು ಇನ್ನಷ್ಟು ದೂರದಿಂದ ಬಂದಂತೆ ಊರೊಳಗಿನ ಕೆರೆ ಇನ್ನಷ್ಟು ಬೇಡವಾಯಿತು. ಆಡಳಿತದ ಲೆಕ್ಕದಲ್ಲಿ ಕೆರೆ ಎಂದರೆ ಕುಡಿಯುವ ನೀರು. ಅದು ನಲ್ಲಿಯಲ್ಲಿ ಬಂದ ಮೇಲೆ ಕೆರೆಯ ಕೆಲಸ ಮುಗಿಯಿತು. ತಿಗಳರ ತೋಟದ ನೀರು, ಮಡಿವಾಳರ ಕಲ್ಲು, ದನದ ಮೇವು ಆ ಲೆಕ್ಕದ ಪುಸ್ತಕದಲ್ಲಿ ಇರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕೆರೆ ಬತ್ತುತ್ತ ಬಂತು, ಬತ್ತಿಸಲಾಯಿತು. ಶತಮಾನದ ನಡುವಿನ ಹೊತ್ತಿಗೆ ಅಲ್ಲಿ ಆಟದ ಬಯಲು ಬಂದಾಗಿತ್ತು.

ಒಂದು ಪಾಲು ಮಾತ್ರ ಯಾರಿಂದಲೂ ಕೀಳಲಾಗಲಿಲ್ಲ. ಚೈತ್ರ ಪೌರ್ಣಮಿಯ ಬೆಂಗಳೂರು ಕರಗ ತಿಗಳರ ಹಬ್ಬ, ತಿಗಳರ ಪೇಟೆಯ ಧರ್ಮರಾಯಸ್ವಾಮಿ ಗುಡಿಯದು. ಅದಕ್ಕೆ ಮುಂಚೆ ಬರುವ ಹಸಿ ಕರಗದ ಪೂಜೆ ಇಂದಿಗೂ ಸಂಪಂಗಿ ಕೆರೆಯ ಅಂಗಳದಲ್ಲೇ ನಡೆಯಬೇಕು. ಅದಕ್ಕೆಂದು ಕ್ರೀಡಾಂಗಣದ ಮಗ್ಗುಲಲ್ಲಿ ಕಲ್ಲು ಕಟ್ಟಿದ ಒಂದು ಪುಟ್ಟ ಕಲ್ಯಾಣಿ ಉಳಿದಿದೆ. ದೊಡ್ಡ ಕೆರೆಯ ಹೆಸರನ್ನು ಹೊತ್ತ ನೀರು ಇಂದು ಇರುವುದು ಅಷ್ಟರಲ್ಲಿ. ತೋಟಗಾರರ ಜೀವನೋಪಾಯದ ಹಕ್ಕು ಹೋಯಿತು, ಪೂಜೆಯ ಹಕ್ಕು ಉಳಿಯಿತು. ಯಾವ ಬಗೆಯ ಹಕ್ಕನ್ನು ಈ ನಗರ ಹಕ್ಕೆಂದು ಒಪ್ಪಿತು, ಯಾವುದನ್ನು ಒಪ್ಪಲಿಲ್ಲ ಎನ್ನುವುದಕ್ಕೆ ಆ ಕಲ್ಯಾಣಿಯೇ ದಾಖಲೆ.

ಇನ್ನು ಆಟದ ಕಡೆಗೆ ಬರುವುದಾದರೆ, ಬೆಂಗಳೂರಿನ ಫುಟ್‌ಬಾಲು ಬಂದದ್ದೂ ದಂಡಿನಿಂದಲೇ. ಸೈನಿಕರು ಬೂಟು ಹಾಕಿ ಆಡಿದ ಆಟವನ್ನು ದಂಡಿಗೆ ದುಡಿಯಲು ಬಂದವರ ಮಕ್ಕಳು ಬರಿಗಾಲಲ್ಲಿ ಕಲಿತರು. ಹಲಸೂರು, ಆಸ್ಟಿನ್ ಟೌನ್, ಶಿವಾಜಿನಗರ, ಗೌತಮಪುರ ಇವರ ಬೀದಿಗಳು. ತಮಿಳು, ಉರ್ದು, ಕನ್ನಡ, ಇಂಗ್ಲಿಷ್ ಎಲ್ಲ ಬೆರೆತ ಬೈಗುಳದ ಬೀದಿಗಳು. ಗೌತಮಪುರದಲ್ಲಿ ಬ್ರೆಜಿಲಿನ ಪೆಲೆಗೆ ಪ್ರತಿಮೆಯೇ ಇದೆ. ಕ್ರಿಕೆಟ್ಟಿನ ಬೆಂಗಳೂರನ್ನು ಬಲ್ಲ ನಮ್ಮಲ್ಲಿ ಹಲವರಿಗೆ ಈ ಬೆಂಗಳೂರು ಅಷ್ಟಾಗಿ ಗೊತ್ತಿಲ್ಲ. ಕನ್ನಡದ ಕಥೆ ಕಾದಂಬರಿಗಳಲ್ಲೂ ಅದು ಅಪರೂಪಕ್ಕೆ ಕಾಣುತ್ತದೆ.

ಅವರ ಸಾಧನೆಯೇನೂ ಸಣ್ಣದಲ್ಲ. ಮುಂಬೈಯ ರೋವರ್ಸ್ ಕಪ್ 1891ರಲ್ಲಿ ಶುರುವಾಗಿ ದಶಕಗಟ್ಟಲೆ ಬ್ರಿಟಿಷ್ ಪಡೆಗಳ ಸೊತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಅಂತರರಾಜ್ಯ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946-47ರಲ್ಲಿ ಮೊದಲ ಸಲ ಗೆದ್ದಿತು, ಎದುರಿಗಿದ್ದದ್ದು ಬಂಗಾಳ. ಆಮೇಲೆ 1952-53, 1967-68, 1968-69ರಲ್ಲಿ ಮತ್ತೆ ಮೂರು ಸಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತ 2-1ರಿಂದ ಸೋತ ಪಂದ್ಯದಲ್ಲಿ ಭಾರತದ ಒಂದೇ ಗೋಲು ಹೊಡೆದವರು ಮೈಸೂರಿನ ಸಾರಂಗಪಾಣಿ ರಾಮನ್. ಆ ತಂಡದ ಬಹುಪಾಲು ಆಟಗಾರರು ಬರಿಗಾಲಲ್ಲಿ ಆಡಿದ್ದರು. ಬೆಂಗಳೂರಿನ ಅಹ್ಮದ್ ಖಾನ್ ಕೋಲ್ಕತ್ತಕ್ಕೆ ಹೋಗಿ ಈಸ್ಟ್ ಬೆಂಗಾಲ್ ತಂಡದ 'ಪಂಚಪಾಂಡವ'ರಲ್ಲಿ ಒಬ್ಬರಾದರು.

ಸ್ವಾತಂತ್ರ್ಯದ ನಂತರ ಈ ಆಟವನ್ನು ಸಾಕಿದ್ದು ಸಾರ್ವಜನಿಕ ಉದ್ಯಮಗಳು. ಐಟಿಐ, ಎಚ್‌ಎಎಲ್, ಎಲ್‌ಆರ್‌ಡಿಇಯಂಥ ಸಂಸ್ಥೆಗಳ ತಂಡದಲ್ಲಿ ಆಡಿದರೆ ನೌಕರಿ ಸಿಗುತ್ತಿತ್ತು. ಬೆಳಿಗ್ಗೆ ಅಭ್ಯಾಸ, ಆಮೇಲೆ ಕಾರ್ಖಾನೆ. ಆ ತಂಡಗಳಿಗೆ 'ತವರು ಅಂಗಳ'ದ ಚಿಂತೆಯೇ ಇರಲಿಲ್ಲ. ಅಶೋಕನಗರದ ಸ್ಟೇಡಿಯಂ ಎಲ್ಲರದೂ ಆಗಿತ್ತು, ಒಂದೇ ದಿನ ಒಂದರ ಹಿಂದೆ ಒಂದು ಲೀಗ್ ಪಂದ್ಯ ನಡೆಯುತ್ತಿದ್ದವು. ನೇಮಕಾತಿಗಳು ನಿಂತಂತೆ ತಂಡಗಳು ಸೊರಗಿದವು. 2013ರಲ್ಲಿ ಬೆಂಗಳೂರು ಎಫ್‌ಸಿ ಬಂದಾಗ ಅದು ಬಂದದ್ದು ಈ ಖಾಲಿ ಜಾಗಕ್ಕೆ. ಕಾರ್ಖಾನೆಯ ತಂಡದ ಬದಲು ಕಂಪನಿಯ ತಂಡ, ನೌಕರಿಯ ಬದಲು ಕರಾರು, ಸಹೋದ್ಯೋಗಿಗಳ ಬದಲು ಟಿಕೆಟ್ಟು ಕೊಂಡ ಅಭಿಮಾನಿಗಳು. ಹಾಗೆ ಬಂದ ತಂಡಕ್ಕೆ ತನ್ನದೆನ್ನುವ ಒಂದು ಅಂಗಳ ಬೇಕೇ ಬೇಕಾಯಿತು.

ಕಂಠೀರವದ ಇಂದಿನ ರೂಪ ಮಾತ್ರ ಫುಟ್‌ಬಾಲಿಗೆಂದು ಬಂದದ್ದಲ್ಲ. 1997ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಇಲ್ಲಿ ಸುಮಾರು 25 ಸಾವಿರ ಜನ ಕೂರಬಲ್ಲ ಕ್ರೀಡಾಂಗಣ ಎದ್ದಿತು. ನಡುವೆ ಹುಲ್ಲಿನ ಅಂಗಳ, ಸುತ್ತ 400 ಮೀಟರಿನ ಸಿಂಥೆಟಿಕ್ ಓಟದ ಪಥ. ಅಂದರೆ ಇದರ ವಿನ್ಯಾಸವೇ ಅಥ್ಲೆಟಿಕ್ಸಿನದು. ಫುಟ್‌ಬಾಲು ಅದರ ಮಡಿಲಲ್ಲಿ ಕೂತಿದೆ. ಅಶೋಕನಗರದಲ್ಲಿ ಆಟಗಾರನ ಉಸಿರು ಕೇಳುತ್ತಿದ್ದ ಅಭಿಮಾನಿಗಳು ಇಲ್ಲಿ ಓಟದ ಪಥದಾಚೆ ದೂರ ಕೂರಬೇಕು.

'ಕಂಠೀರವ' ಎಂದರೆ ಸಿಂಹ. ಮೈಸೂರು ಅರಸು ಮನೆತನದಲ್ಲಿ ಪದೇ ಪದೇ ಬರುವ ಹೆಸರು. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಕುಸ್ತಿಗೆ ಹೆಸರಾದವರು. ಆ ಅರಸನ ಪಾತ್ರವನ್ನು 1960ರ 'ರಣಧೀರ ಕಂಠೀರವ' ಚಿತ್ರದಲ್ಲಿ ಮಾಡಿದ ರಾಜಕುಮಾರ್ 2006ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರ ಪಾರ್ಥಿವ ಶರೀರವನ್ನು ಅಂತಿಮ ದರ್ಶನಕ್ಕೆ ಇಟ್ಟದ್ದು ಇದೇ ಕ್ರೀಡಾಂಗಣದಲ್ಲಿ. 2018ರಲ್ಲಿ ಅಂಬರೀಶ್ ಅವರನ್ನೂ 2021ರ ಅಕ್ಟೋಬರಿನಲ್ಲಿ ಪುನೀತ್ ರಾಜಕುಮಾರ್ ಅವರನ್ನೂ ನಾಡು ಬೀಳ್ಕೊಟ್ಟದ್ದು ಇಲ್ಲಿಂದಲೇ. 2013ರಲ್ಲಿ ಮತ್ತು 2023ರಲ್ಲಿ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾಗಿ ಪ್ರಮಾಣ ವಚನ ಸ್ವೀಕರಿಸಿದ್ದೂ ಇಲ್ಲೇ. ಅಳುವುದಕ್ಕೂ ಅಧಿಕಾರಕ್ಕೂ ಲಕ್ಷಗಟ್ಟಲೆ ಜನ ಸೇರಬೇಕಾದಾಗ ನಗರದ ನಡುವೆ ಇಷ್ಟು ದೊಡ್ಡ ಜಾಗ ಬೇರೆ ಇಲ್ಲ. ಕೆರೆಗೆ ಹಲವು ಉಪಯೋಗ ಇದ್ದಂತೆ ಕ್ರೀಡಾಂಗಣಕ್ಕೂ ಹಲವು ಉಪಯೋಗ ಬೆಳೆದುಕೊಂಡವು. ಅವಕ್ಕೆ ಯಾರೂ ಅನುಮತಿ ಕೇಳಿ ಹೋರಾಡಲಿಲ್ಲ. ಸರ್ಕಾರ ತನಗೆ ಬೇಕಾದಾಗ ಬಾಗಿಲು ತೆರೆಯಿತು.

ಇಂಥ ಅಂಗಳಕ್ಕೆ ಬಂದ ಬೆಂಗಳೂರು ಎಫ್‌ಸಿ ಅದಕ್ಕೊಂದು ಹೊಸ ನೆನಪನ್ನು ಕೊಟ್ಟಿತು. 2016ರ ಅಕ್ಟೋಬರ್ 19ರ ರಾತ್ರಿ ಎಎಫ್‌ಸಿ ಕಪ್ಪಿನ ಸೆಮಿಫೈನಲಿನಲ್ಲಿ ಮಲೇಶಿಯಾದ ಜೊಹೊರ್ ದಾರುಲ್ ತಾಜಿಮ್ ತಂಡ ಮೊದಲು ಗೋಲು ಹೊಡೆದರೂ ಸುನಿಲ್ ಛೆಟ್ರಿಯ ಎರಡು, ಹುವಾನನ್ ಅವರ ಒಂದು ಗೋಲಿನಿಂದ ಬೆಂಗಳೂರು 3-1ರಲ್ಲಿ ಗೆದ್ದಿತು. ಆ ಟೂರ್ನಿಯ ಫೈನಲಿಗೆ ಭಾರತದ ಕ್ಲಬ್ಬೊಂದು ಹೋದದ್ದು ಅದೇ ಮೊದಲು. ದೋಹಾದ ಫೈನಲಿನಲ್ಲಿ ಇರಾಕಿನ ವಾಯುಪಡೆಯ ತಂಡ 1-0ಯಿಂದ ಗೆದ್ದಿತು, ಅದು ಬೇರೆ ಮಾತು. ಅಂಗಳ ಸೋಲನ್ನೂ ಕಂಡಿದೆ. 2018ರ ಮಾರ್ಚ್ 17ರಂದು ಐಎಸ್‌ಎಲ್ ಫೈನಲು ಇಲ್ಲೇ ನಡೆದು, ಛೆಟ್ರಿ ಒಂಬತ್ತನೇ ನಿಮಿಷಕ್ಕೇ ಗೋಲು ಹೊಡೆದರೂ ಚೆನ್ನೈಯಿನ್ ತಂಡ 3-2ರಿಂದ ಕಪ್ಪು ಒಯ್ದಿತು. 2023ರ ಮಾರ್ಚ್ 3ರಂದು ಛೆಟ್ರಿ ಗೋಡೆ ಕಟ್ಟುವ ಮುಂಚೆಯೇ ಹೊಡೆದ ಫ್ರೀ ಕಿಕ್ಕನ್ನು ಒಪ್ಪದೆ ಕೇರಳ ಬ್ಲಾಸ್ಟರ್ಸ್ ಇಡೀ ತಂಡ ಅಂಗಳ ಬಿಟ್ಟು ನಡೆಯಿತು. ದೇಶದ ಕಣ್ಣು ಕಂಠೀರವದ ಗಲಾಟೆಯ ಮೇಲಿದ್ದಾಗ ಮರುದಿನ, ಮಾರ್ಚ್ 4ಕ್ಕೆ, ದೂರದ ರಿಯಾದಿನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಅದೇ ವರ್ಷ ಜುಲೈ 4ರಂದು ಕಂಠೀರವದಲ್ಲಿ ಭಾರತ ತಂಡ ಕುವೈತನ್ನು ಪೆನಾಲ್ಟಿಯಲ್ಲಿ ಮಣಿಸಿ ಸ್ಯಾಫ್ ಕಪ್ ಎತ್ತಿತು.

ಇಷ್ಟು ನೆನಪು ಕೂಡಿಟ್ಟ ಮೇಲೆ ಇದು ನಮ್ಮದು ಎಂದು ಅಭಿಮಾನಿಗೆ ಅನ್ನಿಸುವುದು ಸಹಜ. ಆದರೆ ಓಟಗಾರರಿಗೂ ಹಾಗೇ ಅನ್ನಿಸುತ್ತದೆ. ಅವರ ಮಾತನ್ನೂ ಕೇಳಬೇಕು. ಈಟಿ, ಚಕ್ರ, ಸುತ್ತಿಗೆ ಎಸೆಯುವವರಿಗೆ ಬೇಕಾದದ್ದು ನಡುವಿನ ಅದೇ ಹುಲ್ಲು. ಫುಟ್‌ಬಾಲಿಗೆ ಬೇಕಾದದ್ದು ಈಟಿ ಚುಚ್ಚದ, ಗುಂಡಿ ಬೀಳದ ಹುಲ್ಲು. ಪಂದ್ಯವಿದ್ದ ದಿನ ಸಿದ್ಧತೆಗೆಂದು ಪಥ ಮುಚ್ಚಿದರೆ ಅಂದಿನ ಅಭ್ಯಾಸ ಹೋಯಿತು. ಜಿಲ್ಲೆಗಳಿಂದ ಬಂದು ಹಾಸ್ಟೆಲಿನಲ್ಲಿದ್ದು ಸಿಂಥೆಟಿಕ್ ಪಥವನ್ನೇ ನಂಬಿ ಓಡುವ ಹುಡುಗಿಗೆ ಬೇರೆ ಪಥ ಹುಡುಕುವುದು ಸುಲಭವಲ್ಲ. ಅವಳ ಓಟಕ್ಕೆ ಪ್ರಾಯೋಜಕರಿಲ್ಲ, ನೇರ ಪ್ರಸಾರವಿಲ್ಲ, ಹಾಡುವ ಗುಂಪಿಲ್ಲ. ಅವಳ ಬಳಿ ಇರುವುದು ಸಾರ್ವಜನಿಕ ಅಂಗಳದ ಮೇಲಿನ ಒಂದು ಪಾಲು ಮಾತ್ರ. ಒಂದು ಕಾಲಕ್ಕೆ ತಿಗಳ ರೈತನ ಬಳಿ ಇದ್ದಂಥದ್ದೇ ಪಾಲು ಅದು. ಲೆಕ್ಕದ ಪುಸ್ತಕದಲ್ಲಿ ಅದಕ್ಕೆ ಜಾಗ ಇರುವುದು ಕಡಿಮೆ.

ಹಾಗೆಂದು ಫುಟ್‌ಬಾಲ್ ಕ್ಲಬ್ಬನ್ನು ಖಳನಾಯಕ ಮಾಡಿದರೆ ಚರಿತ್ರೆ ತಪ್ಪಾಗುತ್ತದೆ. ಬೆಂಗಳೂರಿನಲ್ಲಿ ಆ ಆಟ ಬೆಳೆದದ್ದೇ ಬಡವರ ಬೀದಿಯಲ್ಲಿ. ಅದಕ್ಕೆ ಒಳ್ಳೆಯ ಅಂಗಳ ಸಿಕ್ಕಿದ್ದು ಬಹಳ ತಡವಾಗಿ. ಸಮಸ್ಯೆ ಇರುವುದು ಇಬ್ಬರಲ್ಲಿ ಯಾರು ದೊಡ್ಡವರು ಎಂಬಲ್ಲಿ ಅಲ್ಲ, ಇಬ್ಬರ ನಡುವೆ ಸರದಿ ಇಲ್ಲದಿರುವಲ್ಲಿ. ಕೆರೆಗೆ ಸರದಿ ಇತ್ತು. ನಮ್ಮ ಕಡೆಯ ಕೆರೆಗಳಲ್ಲಿ ತೂಬು ಎತ್ತುವವನು ನೀರುಗಂಟಿ. ಯಾರ ಗದ್ದೆಗೆ ಯಾವ ಹೊತ್ತು ನೀರು, ನೀರು ಕಡಿಮೆಯಾದ ವರ್ಷ ಅಚ್ಚುಕಟ್ಟಿನ ಎಷ್ಟು ಭಾಗ ನಾಟಿ ಮಾಡಬೇಕು ಎಂಬುದಕ್ಕೆ ಊರು ಒಪ್ಪಿದ ಕಟ್ಟಳೆಯಿತ್ತು. ಆ ಕಟ್ಟಳೆಯಲ್ಲಿ ಜಾತಿಯ ಅನ್ಯಾಯ ಬೇಕಾದಷ್ಟಿತ್ತು, ಅದನ್ನು ಚಂದವೆಂದು ಹೊಗಳಬೇಕಿಲ್ಲ. ಆದರೆ ಒಂದೇ ನೀರಿಗೆ ಹಲವರು ಪಾಲುದಾರರು ಎಂಬ ತಿಳಿವಳಿಕೆ ಅದರ ಬುಡದಲ್ಲಿತ್ತು. ಜಗಳವಾದರೆ ಸರದಿಯ ಬಗ್ಗೆ ಆಗುತ್ತಿತ್ತು, ಕೆರೆ ಒಬ್ಬನದೇ ಎಂದು ಯಾರೂ ವಾದಿಸುತ್ತಿರಲಿಲ್ಲ.

ಕೆರೆ ಕ್ರೀಡಾಂಗಣವಾದಾಗ ನೀರಿನ ಜೊತೆ ಈ ತಿಳಿವಳಿಕೆಯೂ ಹರಿದುಹೋಯಿತು. ಹಲವರ ಪಾಲು ಹೋಗಿ ಒಬ್ಬ ಯಜಮಾನ ಬಂದ. ಸರ್ಕಾರ ಎಂಬ ಯಜಮಾನ ಒಂದು ವರ್ಷ ಒಬ್ಬರಿಗೆ ಕೊಡುತ್ತಾನೆ, ಇನ್ನೊಂದು ವರ್ಷ ತಡೆಯುತ್ತಾನೆ, ಕೊನೆಯ ವಾರದಲ್ಲಿ ಮತ್ತೆ ಒಪ್ಪುತ್ತಾನೆ. ಹೀಗಾದಾಗ ಓಟಗಾರನಿಗೂ ಚೆಂಡಿನವನಿಗೂ ಮಾತಾಡಿಕೊಳ್ಳಲು ಜಾಗವೇ ಉಳಿಯುವುದಿಲ್ಲ. ಇಬ್ಬರೂ ಯಜಮಾನನ ಮನೆಬಾಗಿಲಿಗೋ ಕೋರ್ಟಿಗೋ ಹೋಗಬೇಕು. 2019ರಲ್ಲಿ ಆದದ್ದು ಇದೇ. ವರ್ಷದ ಇಷ್ಟು ದಿನ ಇವರಿಗೆ, ಇಷ್ಟು ದಿನ ಅವರಿಗೆ, ಹುಲ್ಲು ಕೆಟ್ಟರೆ ಸರಿಪಡಿಸುವವರು ಇವರು, ಪಥ ಕೆಟ್ಟರೆ ಅವರು ಎಂದು ಎಲ್ಲರೆದುರು ಕೂತು ಬರೆದು ಗೋಡೆಗೆ ಅಂಟಿಸಬಹುದಾದ ಕೆಲಸಕ್ಕೆ ಒಂದು ಚಾಂಪಿಯನ್ ತಂಡ ಪುಣೆಯ ದಾರಿ ನೋಡಬೇಕಾಯಿತು.

ಫುಟ್‌ಬಾಲಿಗೇ ಒಂದು ಪ್ರತ್ಯೇಕ ಸ್ಟೇಡಿಯಂ ಬೇಕು ಎನ್ನುವ ಮಾತು ಅಭಿಮಾನಿಗಳಲ್ಲಿ ಆಗಾಗ ಕೇಳಿಬರುತ್ತದೆ. ಪಥವಿಲ್ಲದ, ಅಶೋಕನಗರದಂತೆ ಆಟಗಾರನ ಪಕ್ಕವೇ ಕೂರಬಹುದಾದ ಸ್ಟೇಡಿಯಂ. ಆಸೆ ನ್ಯಾಯವಾದದ್ದೇ. ಆದರೆ ಈ ನಗರದ ಅಭ್ಯಾಸವನ್ನು ಬಲ್ಲವರಿಗೆ ತಕ್ಷಣ ಏಳುವ ಪ್ರಶ್ನೆ, ಅದಕ್ಕೆ ಇನ್ನು ಯಾವ ಕೆರೆ? ಮಳೆಗಾಲದಲ್ಲಿ ರಸ್ತೆಯಲ್ಲಿ ದೋಣಿ ಬಿಡುವ, ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಊರು ಇನ್ನೊಂದು ಕೆರೆಯಂಗಳವನ್ನು ಸಾಲ ಕೇಳುವ ಸ್ಥಿತಿಯಲ್ಲಿಲ್ಲ. ಇರುವ ಅಂಗಳವನ್ನು ಹಂಚಿಕೊಳ್ಳುವುದನ್ನು ಕಲಿಯುವುದೇ ಸದ್ಯಕ್ಕೆ ಉಳಿದ ದಾರಿ. ಆ ಹಂಚಿಕೆಯ ಮಾತಿಗೆ ಕೂರುವಾಗ ಕ್ಲಬ್ಬು, ಓಟಗಾರರು, ಇಲಾಖೆಯವರ ಜೊತೆಗೆ ಕಲ್ಯಾಣಿಯ ಕಡೆಯವರಿಗೂ ಒಂದು ಕುರ್ಚಿ ಹಾಕಬೇಕು. ಆ ಅಂಗಳದ ಹಳೆಯ ಪಾಲುದಾರರು ಅವರು.